ಲೋಹ ಸಂಕೀರ್ಣ ಸೀಸೆಯಲ್ಲಿ ಹೊಳೆಯುತ್ತದೆ, ಕೋಶದಲ್ಲಿ ಹೊಳೆಯುವುದಿಲ್ಲ: ತಪ್ಪು ಹುಡುಕುವ ಬಗೆ

ಪುಟ್ಟ ಸೀಸೆಗೆ ನೀಲಿ ಟಾರ್ಚ್ ಹಿಡಿದರೆ ಒಳಗಿನ ಲೋಹ ಸಂಕೀರ್ಣದ (ಲೋಹದ ಅಯಾನಿನ ಸುತ್ತ ಲಿಗ್ಯಾಂಡ್ ಅನ್ನುವ ಅಣುಗಳು ಅಂಟಿರುವ ಸಂಯುಕ್ತ) ದ್ರಾವಣ ಕೆಂಡದ ಹಾಗೆ ಬೆಳಗುತ್ತದೆ. ಅದನ್ನೇ ಹೀಲಾ ಕೋಶಗಳಿಗೆ (ಲ್ಯಾಬಿನಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳು) ಹಾಕಿ, ನಾಲ್ಕು ಗಂಟೆ ಇನ್‌ಕ್ಯುಬೇಟರಿನಲ್ಲಿಟ್ಟು, ತೊಳೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಪರದೆ ಪೂರ್ತಿ ಕಪ್ಪು. ನಮ್ಮ ಲ್ಯಾಬಿಗೆ ಬಂದ ಒಬ್ಬ ವಿದ್ಯಾರ್ಥಿನಿ ಆ ಕಪ್ಪು ಪರದೆಯ ಮುಂದೆ ಮೂರು ವಾರ ಕೂತಿದ್ದಳು. ವಾರಕ್ಕೊಂದು ಹೊಸ ಬ್ಯಾಚ್ ತಯಾರಿಸಿದಳು. ತಾನು ಮಾಡಿದ ರುಥೇನಿಯಂ ಸಂಕೀರ್ಣದಲ್ಲೇ ಏನೋ ಕೆಟ್ಟಿದೆ ಅಂತ ನಂಬಿದ್ದಳು. ಸಂಕೀರ್ಣ ಚೆನ್ನಾಗಿಯೇ ಇತ್ತು. ಅಂಥ ಮೂರು ವಾರ ಇನ್ನೊಬ್ಬರಿಗೆ ಬರಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಹುಡುಕುವಾಗ ಒಂದೇ ಪ್ರಶ್ನೆ ಹಿಡಿದುಕೊಳ್ಳಿ: ಬೆಳಕು ಎಲ್ಲಿ ನಿಂತುಹೋಯಿತು? ಸೀಸೆಯಲ್ಲೇ ನಿಂತಿತಾ, ಫಿಲ್ಟರಿನಲ್ಲಾ, ನೀರಿನಲ್ಲಾ, ಕೋಶದ ಬಾಗಿಲಲ್ಲಾ? ಈ ಕ್ರಮ ಬಿಟ್ಟು ಹುಡುಕಿದರೆ ಸುಮ್ನೆ ಸುತ್ತುತ್ತಲೇ ಇರುತ್ತೀರಿ.

ಇವು ಬೇರೆ ಬಣ್ಣಗಳ ಹಾಗಲ್ಲ

ಫ್ಲೋರೆಸೀನ್‌ನಂಥ ಸಾಮಾನ್ಯ ಬಣ್ಣದ ಅಣು ಬೆಳಕು ನುಂಗಿದ ಮೇಲೆ ಸುಮಾರು 4 ನ್ಯಾನೋಸೆಕೆಂಡಿನಲ್ಲಿ ಅದನ್ನು ಉಗುಳಿಬಿಡುತ್ತದೆ. ರುಥೇನಿಯಂ ಸಂಕೀರ್ಣ ನೂರಾರು ನ್ಯಾನೋಸೆಕೆಂಡ್ ಕಾಯುತ್ತದೆ. ಇರಿಡಿಯಂನ ಕೆಲವು ಸಂಕೀರ್ಣಗಳು ಮೈಕ್ರೋಸೆಕೆಂಡುಗಟ್ಟಲೆ ಕಾಯುತ್ತವೆ. ಯೂರೋಪಿಯಂ, ಟರ್ಬಿಯಂ ಮಿಲಿಸೆಕೆಂಡಿನ ತನಕ.

ಈ ಕಾಯುವಿಕೆಯೇ ಇವುಗಳ ಬೆಲೆ. ಕೋಶದೊಳಗೆ ತಾನಾಗಿ ಹೊಳೆಯುವ ಎನ್ಎಡಿಎಚ್, ಫ್ಲೇವಿನ್ ಎಲ್ಲ ಕೆಲವೇ ನ್ಯಾನೋಸೆಕೆಂಡಿನಲ್ಲಿ ಆರಿಹೋಗುತ್ತವೆ. ಸ್ವಲ್ಪ ತಡೆದು ನೋಡಿದರೆ ನಮ್ಮ ಲೋಹದ ಬೆಳಕು ಮಾತ್ರ ಉಳಿದಿರುತ್ತದೆ. ಆದರೆ ಅಷ್ಟು ಹೊತ್ತು ಶಕ್ತಿ ಹೊತ್ತು ನಿಂತಿರುವ ಅಣುವಿನ ಹತ್ತಿರ ಆಮ್ಲಜನಕ ಬರಬಹುದು, ನೀರು ಬರಬಹುದು, ಯಾರಾದರೂ ಅದನ್ನು ಕಸಿದುಕೊಳ್ಳಬಹುದು. ಮುಂದೆ ಹೇಳುವ ತೊಂದರೆಗಳಲ್ಲಿ ಜಾಸ್ತಿ ಪಾಲು ಇಲ್ಲಿಂದಲೇ ಹುಟ್ಟುತ್ತವೆ.

ಸೀಸೆಯಿಂದ ಶುರು ಮಾಡಿ

ಕೋಶಕ್ಕೆ ಹಾಕಿದ ಅದೇ ದ್ರಾವಣವನ್ನು, ಅದೇ ಮೀಡಿಯಂನಲ್ಲಿ (ಕೋಶ ಬೆಳೆಸುವ ಪೋಷಕ ದ್ರಾವಣ), ಅದೇ ಸಾಂದ್ರತೆಯಲ್ಲಿ ಕುವೆಟ್‌ಗೆ (ಬೆಳಕು ಅಳೆಯಲು ಬಳಸುವ ಪಾರದರ್ಶಕ ಪುಟ್ಟ ಪಾತ್ರೆ) ಹಾಕಿ ನೋಡಿ. ಅಸಿಟೋನೈಟ್ರೈಲ್‌ನಲ್ಲಿ ಹೊಳೆಯಿತು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ರುಥೇನಿಯಂ ಟ್ರಿಸ್ ಬೈಪಿರಿಡೀನ್ ಆದರೆ ನೀರಿನಲ್ಲಿ 452 ನ್ಯಾನೋಮೀಟರ್ ತರಂಗಾಂತರದ ಹತ್ತಿರ ಬೆಳಕು ನುಂಗಬೇಕು, 620ರ ಆಸುಪಾಸಿನಲ್ಲಿ ಕೊಡಬೇಕು. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಅಣು ಇಲ್ಲ. ಒಂದು ಸೀಸೆ ಯಾವಾಗಲೂ ಫ್ರಿಜ್ಜಿನಲ್ಲಿರಲಿ. ದ್ರಾವಣ ತೀರಾ ಗಾಢವಾಗಿದ್ದರೆ ಮುಂಭಾಗದ ಪದರವೇ ಎಲ್ಲ ಬೆಳಕನ್ನೂ ನುಂಗಿಬಿಡುತ್ತದೆ, ಹಾಗಾಗಿ ಅಬ್ಸಾರ್ಬನ್ಸ್ (ದ್ರಾವಣ ಬೆಳಕನ್ನು ಎಷ್ಟು ನುಂಗುತ್ತದೆ ಅನ್ನುವ ಅಳತೆ) 0.1ರ ಕೆಳಗೆ ಇಟ್ಟುಕೊಳ್ಳಿ.

ಕುವೆಟ್‌ನಲ್ಲೇ ಮಂಕಾಗಿದ್ದರೆ ಮೊದಲು ಅನುಮಾನಿಸಬೇಕಾದ್ದು ಕರಗುವಿಕೆಯನ್ನು. ಸಂಕೀರ್ಣವನ್ನು ಶುದ್ಧ ಮಾಡಲು ಹೆಕ್ಸಾಫ್ಲೋರೋಫಾಸ್ಫೇಟ್ ಲವಣವಾಗಿ ಇಳಿಸಿರುತ್ತೀರಿ, ಅದು ನೀರಿನಲ್ಲಿ ಕರಗುವುದು ಕಷ್ಟ. ಡಿಎಂಎಸ್ಒ ಅನ್ನುವ ದ್ರಾವಕದಲ್ಲಿ ಕರಗಿಸಿ ಮೀಡಿಯಂಗೆ ಹಾಕಿದಾಗ ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ. ಮೋಸ ಹೋಗಬೇಡಿ. 1 ಮಿಲಿ ತೆಗೆದುಕೊಂಡು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಟ್ಯೂಬ್ ಎತ್ತಿ ಬೆಳಕಿಗೆ ಹಿಡಿಯಿರಿ. ನಾನು ಮೊದಲ ಸಲ ಹೀಗೆ ಮಾಡಿದಾಗ ಟ್ಯೂಬಿನ ತುದಿಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದಾದ ಕಿತ್ತಳೆ ಚುಕ್ಕೆ ಅಂಟಿಕೊಂಡಿತ್ತು. ಮೇಲಿನ ದ್ರಾವಣದಲ್ಲಿ ಬಣ್ಣವೇ ಇರಲಿಲ್ಲ. ಕೋಶಗಳಿಗೆ ನಾನು ಉಣಿಸಿದ್ದು ಬರೀ ಮೀಡಿಯಂ.

ಪರಿಹಾರ ಸುಲಭ. ಲವಣವನ್ನು ಕ್ಲೋರೈಡ್‌ಗೆ ಬದಲಾಯಿಸಿ. ಅಸಿಟೋನ್‌ನಲ್ಲಿ ಕರಗಿಸಿ ಟೆಟ್ರಾಬ್ಯುಟೈಲ್ ಅಮೋನಿಯಂ ಕ್ಲೋರೈಡ್ ಹಾಕಿದರೆ ಕ್ಲೋರೈಡ್ ಲವಣ ತಾನೇ ಕೆಳಗೆ ಇಳಿಯುತ್ತದೆ. ಕರಗದ ಕಣಗಳಿಂದ ಇನ್ನೊಂದು ಅಪಾಯವೂ ಇದೆ. ಅವು ಚಿತ್ರದಲ್ಲಿ ಚೂಪಾದ, ತುಂಬಾ ಪ್ರಕಾಶದ ಚುಕ್ಕೆಗಳಾಗಿ ಕಾಣುತ್ತವೆ. ಲೈಸೋಸೋಮ್ (ಕೋಶದೊಳಗಿನ ಜೀರ್ಣಚೀಲ) ಅಂತ ಬರೆದುಬಿಡಲು ಮನಸ್ಸಾಗುತ್ತದೆ. ಕೋಶಗಳಿಲ್ಲದ ಖಾಲಿ ಜಾಗಕ್ಕೆ ಸ್ಟೇಜ್ ಸರಿಸಿ ನೋಡಿ. ಅಲ್ಲೂ ಚುಕ್ಕೆಗಳಿದ್ದರೆ ಅವು ಲೈಸೋಸೋಮ್ ಅಲ್ಲ, ಅಲ್ವಾ?

ಫಿಲ್ಟರ್: ಆ ಮೂರು ವಾರ ಹೋದದ್ದು ಇಲ್ಲಿ

ಆ ವಿದ್ಯಾರ್ಥಿನಿಯ ಸಂಕೀರ್ಣ ಕುವೆಟ್‌ನಲ್ಲಿ ಚೆನ್ನಾಗಿ ಹೊಳೆಯಿತು. ಸೆಂಟ್ರಿಫ್ಯೂಜ್‌ನಲ್ಲೂ ಏನೂ ಇಳಿಯಲಿಲ್ಲ. ಆಮೇಲೆ ಅವಳ ಜೊತೆ ಮೈಕ್ರೋಸ್ಕೋಪ್ ಕೋಣೆಗೆ ಹೋದೆ. ಅವಳು ಮೊದಲು ಹಸಿರು ಕ್ಯೂಬ್ (ಕೋಶಕ್ಕೆ ಬಿಡುವ ಬೆಳಕನ್ನೂ ವಾಪಸ್ ನೋಡುವ ಬೆಳಕನ್ನೂ ಆರಿಸುವ ಫಿಲ್ಟರ್ ಪೆಟ್ಟಿಗೆ) ಹಾಕಿದಳು, ಆಮೇಲೆ ಕೆಂಪು ಕ್ಯೂಬ್. ಎರಡರಲ್ಲೂ ಕಪ್ಪು.

ಹಸಿರು ಕ್ಯೂಬ್, ಅಂದರೆ ಎಫ್ಐಟಿಸಿ ಕ್ಯೂಬ್, 480ರ ಸುತ್ತಿನ ನೀಲಿ ಬೆಳಕು ಬಿಟ್ಟು 510ರಿಂದ 550ರ ತನಕ ನೋಡುತ್ತದೆ. ರುಥೇನಿಯಂಗೆ ನೀಲಿ ಬೆಳಕು ಸಿಕ್ಕಿತು, ಅದು 620ರಲ್ಲಿ ಉತ್ತರವನ್ನೂ ಕೊಟ್ಟಿತು. ಆ ಉತ್ತರವನ್ನು ಫಿಲ್ಟರ್ ತಡೆಯಿತು. ಕೆಂಪು ಕ್ಯೂಬ್ 620ನ್ನು ನೋಡಬಲ್ಲದು, ಆದರೆ 545ರ ಹಸಿರು ಬೆಳಕು ಬಿಡುತ್ತದೆ. ಅದನ್ನು ಈ ಸಂಕೀರ್ಣ ನುಂಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಒಂದು ಕ್ಯೂಬಿನಲ್ಲಿ ಪ್ರಶ್ನೆ ಸರಿ, ಇನ್ನೊಂದರಲ್ಲಿ ಕಿವಿ ಸರಿ. ಎರಡೂ ಸರಿಯಿರುವ ಕ್ಯೂಬ್ ಆ ಯಂತ್ರದಲ್ಲಿ ಇರಲೇ ಇಲ್ಲ.

ಸಾಮಾನ್ಯ ಬಣ್ಣಗಳಲ್ಲಿ ನುಂಗುವ ಬೆಳಕಿಗೂ ಕೊಡುವ ಬೆಳಕಿಗೂ 20–30 ನ್ಯಾನೋಮೀಟರ್ ಅಂತರ. ಇಲ್ಲಿ 160ಕ್ಕೂ ಜಾಸ್ತಿ. ಮಾರುಕಟ್ಟೆಯ ಕ್ಯೂಬ್‌ಗಳನ್ನು ಸಾಮಾನ್ಯ ಬಣ್ಣಗಳಿಗಾಗಿ ಮಾಡಿರುತ್ತಾರೆ. ಹಾಗಾಗಿ ನೀಲಿ ಎಕ್ಸೈಟೇಶನ್ (ಕೋಶಕ್ಕೆ ಬಿಡುವ ಬೆಳಕು) ಇರುವ ಕ್ಯೂಬಿನ ಎಮಿಷನ್ (ವಾಪಸ್ ಬರುವ ಬೆಳಕು) ಫಿಲ್ಟರ್ ತೆಗೆಸಿ 600ರ ಲಾಂಗ್‌ಪಾಸ್, ಅಂದರೆ 600ಕ್ಕಿಂತ ಮೇಲಿನದನ್ನೆಲ್ಲ ಬಿಡುವ ಫಿಲ್ಟರ್, ಹಾಕಿಸಿ. ಕಾನ್‌ಫೋಕಲ್ (ಲೇಸರ್‌ನಿಂದ ಚುಕ್ಕೆ ಚುಕ್ಕೆಯಾಗಿ ನೋಡುವ ಮೈಕ್ರೋಸ್ಕೋಪ್) ಆದರೆ 458 ಅಥವಾ 488ರ ಲೇಸರ್, ಡಿಟೆಕ್ಟರ್ 600ರಿಂದ 700. ನಾವು ಹತ್ತಿರದ ಇನ್ನೊಂದು ವಿಭಾಗದ ಕಾನ್‌ಫೋಕಲ್‌ಗೆ ಹೋದೆವು. 488 ಹಾಕಿ ಡಿಟೆಕ್ಟರನ್ನು ಸರಿಸಿದ ಹತ್ತು ಸೆಕೆಂಡಿನಲ್ಲಿ ಪರದೆ ತುಂಬಾ ಕೋಶಗಳು ಕಂಡವು. ಅವಳು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಯೂರೋಪಿಯಂ ಇಟ್ಟುಕೊಂಡವರಿಗೆ ತೊಂದರೆ ಇನ್ನೊಂದು ತುದಿಯಲ್ಲಿ. ಯೂರೋಪಿಯಂ ಅಯಾನು ತಾನಾಗಿ ಬೆಳಕು ನುಂಗುವುದು ತೀರಾ ಕಡಿಮೆ. ಪಕ್ಕದ ಲಿಗ್ಯಾಂಡ್ ಆಂಟೆನಾದ ಹಾಗೆ ಬೆಳಕು ಹಿಡಿದು ಕೊಡಬೇಕು. ಎಷ್ಟೋ ಆಂಟೆನಾಗಳು ಕೆಲಸ ಮಾಡುವುದು 340ರ ಸುತ್ತ. ಮೈಕ್ರೋಸ್ಕೋಪಿನ ಸಾಮಾನ್ಯ ಗಾಜಿನ ಮಸೂರ, ಅಂದರೆ ಆಬ್ಜೆಕ್ಟಿವ್, ಆ ನೇರಳಾತೀತ ಬೆಳಕನ್ನು ಬಹಳಷ್ಟು ತಡೆಯುತ್ತದೆ. ಲ್ಯಾಂಪ್ ಜೋರಾಗಿ ಉರಿಯುತ್ತಿರುತ್ತದೆ, ಕೋಶಕ್ಕೆ ಏನೂ ತಲುಪಿರುವುದಿಲ್ಲ. ನೇರಳಾತೀತ ಬಿಡುವ ಆಬ್ಜೆಕ್ಟಿವ್ ಕೇಳಿ ಪಡೆಯಿರಿ, ಇಲ್ಲವೇ 365ರಲ್ಲಿ ಕೆಲಸ ಮಾಡುವ ಆಂಟೆನಾ ಆರಿಸಿ.

ಇಲ್ಲದ ಬೆಳಕು ಇದೆ ಅನ್ನಿಸುವ ಒಂದು ಸಂದರ್ಭವೂ ಇದೆ. ಫ್ಲೋರಿಮೀಟರಿನಲ್ಲಿ (ಹೊಳಪು ಅಳೆಯುವ ಯಂತ್ರ) 308ರಲ್ಲಿ ಎಕ್ಸೈಟ್ ಮಾಡಿದರೆ 616ರಲ್ಲಿ ಚೂಪಾದ ಪೀಕ್ ಬರುತ್ತದೆ. ಯೂರೋಪಿಯಂನ ಕೆಂಪು ಪೀಕ್ ಕೂಡ ಸರಿಯಾಗಿ ಅಲ್ಲೇ ಬರುತ್ತದೆ. ಆದರೆ ಇದು ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗ್‌ನ ಎರಡನೇ ಕ್ರಮಾಂಕದಲ್ಲಿ, ಅಂದರೆ ಎರಡು ಪಟ್ಟು ತರಂಗಾಂತರದ ಜಾಗದಲ್ಲಿ, ಬಂದ ಎಕ್ಸೈಟೇಶನ್ ಬೆಳಕೇ ಆಗಿರಬಹುದು. ಪರೀಕ್ಷೆ ಹೀಗೆ: ಎಕ್ಸೈಟೇಶನ್ ಅನ್ನು 5 ನ್ಯಾನೋಮೀಟರ್ ಸರಿಸಿ. ಪೀಕ್ 10 ನ್ಯಾನೋಮೀಟರ್ ಸರಿದರೆ ಅದು ಸುಳ್ಳು ಪೀಕ್. ಯೂರೋಪಿಯಂ ಇದ್ದ ಜಾಗ ಬಿಟ್ಟು ಕದಲುವುದಿಲ್ಲ. ಎಮಿಷನ್ ಕಡೆ ಒಂದು ಲಾಂಗ್‌ಪಾಸ್ ಫಿಲ್ಟರ್ ಇಟ್ಟರೆ ಸುಳ್ಳು ಪೀಕ್ ಮಾಯವಾಗುತ್ತದೆ.

ಕಸಿದುಕೊಳ್ಳುವವರು: ಆಮ್ಲಜನಕ ಮತ್ತು ನೀರು

ರುಥೇನಿಯಂ ಟ್ರಿಸ್ ಬೈಪಿರಿಡೀನ್ ಗಾಳಿ ಬೆರೆತ ನೀರಿನಲ್ಲಿ ಸುಮಾರು 400 ನ್ಯಾನೋಸೆಕೆಂಡ್ ಬಾಳುತ್ತದೆ, ಗಾಳಿ ತೆಗೆದರೆ 600ರ ಹತ್ತಿರ (ಬೆಳಕು ನುಂಗಿದ ಅಣು ಶಕ್ತಿ ಹೊತ್ತು ನಿಲ್ಲುವ ಈ ಹೊತ್ತೇ ಅದರ ಆಯುಸ್ಸು). ಅಂದರೆ ಮೂರನೇ ಒಂದು ಪಾಲು ಬೆಳಕು ಆಮ್ಲಜನಕದ ಪಾಲು. ಹೆಚ್ಚು ಹೊತ್ತು ಬಾಳುವ ಇರಿಡಿಯಂ ಸಂಕೀರ್ಣಗಳಲ್ಲಿ ನಷ್ಟ ಇನ್ನೂ ಜಾಸ್ತಿ. ಕುವೆಟ್‌ನಲ್ಲಿ ಕಾಲು ಗಂಟೆ ಆರ್ಗಾನ್ ಹಾಯಿಸಿ ನೋಡಿ. ಬೆಳಕು ಏರಿದರೆ ಕಾರಣ ಸಿಕ್ಕಿತು. ಕೋಶದಲ್ಲಿ ಹಾಗೆ ಮಾಡಲಾಗದು, ಆದರೆ ಓದುವುದನ್ನು ಕಲಿಯಬಹುದು. ಕೋಶಗಳು ದಟ್ಟವಾಗಿ ಬೆಳೆದ ಜಾಗದಲ್ಲಿ ಅವೇ ಆಮ್ಲಜನಕ ಬಳಸಿಬಿಡುತ್ತವೆ, ಅಲ್ಲಿ ಚಿತ್ರ ಹೆಚ್ಚು ಪ್ರಕಾಶವಾಗಿ ಕಾಣಬಹುದು. ಅಲ್ಲಿ ಸಂಕೀರ್ಣ ಜಾಸ್ತಿ ಸೇರಿದೆ ಅಂತ ಅವಸರದಲ್ಲಿ ಬರೆಯಬೇಡಿ. ಬಿಸಿ ಹೆಚ್ಚಾದರೂ ರುಥೇನಿಯಂ ಮಂಕಾಗುತ್ತದೆ. 25 ಡಿಗ್ರಿಯ ಕುವೆಟ್‌ನ್ನು 37 ಡಿಗ್ರಿಯ ಕೋಶಕ್ಕೆ ಹೋಲಿಸಬೇಡಿ.

ನೀರಿನ ಕಥೆ ಎರಡು ಬಗೆ. ಕೆಲವು ಸಂಕೀರ್ಣಗಳು ನೀರಿನಲ್ಲಿ ಕಪ್ಪಾಗಿರುವುದೇ ಸರಿ. 1990ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞೆ ಜಾಕ್ವೆಲಿನ್ ಬಾರ್ಟನ್ ಮತ್ತು ಜೊತೆಗಾರರು ಡಿಪಿಪಿಝಡ್ ಲಿಗ್ಯಾಂಡ್ ಇರುವ ರುಥೇನಿಯಂ ಸಂಕೀರ್ಣ ನೀರಿನಲ್ಲಿ ಆರಿರುತ್ತದೆ, ಡಿಎನ್ಎ ಮೆಟ್ಟಿಲುಗಳ ನಡುವೆ ತೂರಿಕೊಂಡಾಗ ಹೊತ್ತಿಕೊಳ್ಳುತ್ತದೆ ಅಂತ ತೋರಿಸಿದರು. ಆ ಲಿಗ್ಯಾಂಡ್‌ನ ತುದಿಯ ಸಾರಜನಕಕ್ಕೆ ನೀರು ಹೈಡ್ರೋಜನ್ ಬಂಧ ಹಾಕಿದರೆ ಬೆಳಕಿಲ್ಲ. ನಿಮ್ಮ ಕೈಯಲ್ಲಿ ಇಂಥ ಅಣುವಿದ್ದರೆ ಕುವೆಟ್‌ಗೆ ಕರುವಿನ ಥೈಮಸ್ ಡಿಎನ್ಎ ಹಾಕಿ ನೋಡಿ. ಹೊತ್ತಿಕೊಂಡರೆ ಅಣು ಸರಿಯಿದೆ. ಇನ್ನೊಂದು ಮಾತು: ಇದು ಕೊಬ್ಬಿನ ಪೊರೆಯೊಳಗೆ ಸೇರಿದರೂ ನೀರಿನಿಂದ ತಪ್ಪಿಸಿಕೊಂಡು ಹೊಳೆಯುತ್ತದೆ. ಹೊಳೆದದ್ದೆಲ್ಲ ಡಿಎನ್ಎ ಅಲ್ಲ.

ಯೂರೋಪಿಯಂಗೆ ನೀರು ಬೇರೆಯೇ ರೀತಿ ಕಾಡುತ್ತದೆ. ಲೋಹಕ್ಕೆ ನೇರವಾಗಿ ಅಂಟಿದ ನೀರಿನ ಓ–ಎಚ್ ಬಂಧ ಕಂಪಿಸುತ್ತಾ ಶಕ್ತಿಯನ್ನು ಎಳೆದುಕೊಳ್ಳುತ್ತದೆ. ಬರೀ ನೀರು ಸುತ್ತುವರಿದ ಯೂರೋಪಿಯಂ 0.11 ಮಿಲಿಸೆಕೆಂಡ್ ಬಾಳುತ್ತದೆ, ಭಾರಜಲದಲ್ಲಿ (ಸಾದಾ ಹೈಡ್ರೋಜನ್ ಬದಲು ಡ್ಯುಟೀರಿಯಂ ಇರುವ ನೀರು) 4 ಮಿಲಿಸೆಕೆಂಡಿನ ಹತ್ತಿರ. ಈ ವ್ಯತ್ಯಾಸದಿಂದಲೇ ಲೋಹಕ್ಕೆ ಎಷ್ಟು ನೀರು ಅಂಟಿದೆ ಅಂತ ಎಣಿಸಬಹುದು. ಆಯುಸ್ಸನ್ನು ನೀರಿನಲ್ಲೂ ಭಾರಜಲದಲ್ಲೂ ಮಿಲಿಸೆಕೆಂಡಿನಲ್ಲಿ ಅಳೆಯಿರಿ. 1ನ್ನು ಎರಡರಿಂದಲೂ ಭಾಗಿಸಿ, ನೀರಿನ ಉತ್ತರದಿಂದ ಭಾರಜಲದ ಉತ್ತರ ಕಳೆಯಿರಿ. ಅದರಿಂದ 0.25 ಕಳೆದು 1.2ರಿಂದ ಗುಣಿಸಿ. ಉದಾಹರಣೆಗೆ ನೀರಿನಲ್ಲಿ 0.6, ಭಾರಜಲದಲ್ಲಿ 1.6 ಬಂದರೆ ಉತ್ತರ 0.95. ಒಂದು ನೀರು ಅಂಟಿದೆ. ಸೊನ್ನೆ ಇರಬೇಕಾದ ಕಡೆ ಒಂದು ಬಂದರೆ ನಿಮ್ಮ ಲಿಗ್ಯಾಂಡ್ ಲೋಹವನ್ನು ಪೂರ್ತಿ ಮುಚ್ಚಿಲ್ಲ.

ಇದರ ಜೊತೆ ಬಫರ್ (ಆಮ್ಲತೆ ಬದಲಾಗದಂತೆ ಹಿಡಿಯುವ ದ್ರಾವಣ) ನೋಡಿ. ಜೀವಶಾಸ್ತ್ರದವರು ಅಭ್ಯಾಸದಿಂದ ಪಿಬಿಎಸ್ ಅನ್ನುವ ಫಾಸ್ಫೇಟ್ ಬಫರ್ ಕೊಡುತ್ತಾರೆ. ಅದರ ಫಾಸ್ಫೇಟ್‌ಗೆ ಯೂರೋಪಿಯಂ ಅಂದರೆ ಪ್ರೀತಿ. ನೀರು ಅಂಟಿದ್ದ ಜಾಗಕ್ಕೆ ಫಾಸ್ಫೇಟ್ ಬಂದು ಕೂತರೆ ಬೆಳಕು ಏರಬಹುದು, ಆಂಟೆನಾವನ್ನೇ ಎಬ್ಬಿಸಿ ಕಳಿಸಿದರೆ ಪೂರ್ತಿ ಆರಬಹುದು. ಬೈಕಾರ್ಬನೇಟ್, ಸಿಟ್ರೇಟ್, ಇಡಿಟಿಎ ಕೂಡ ಇದೇ ಜಾತಿ. ಹೆಪೆಸ್ ಬಫರಿನಲ್ಲಿ ಮತ್ತೆ ಅಳೆಯಿರಿ. ಡೈಕೀಟೋನೇಟ್ ಲಿಗ್ಯಾಂಡ್‌ಗಳ ಸಂಕೀರ್ಣ ಬಫರಿನಲ್ಲಿ ಸುಲಭವಾಗಿ ಕಳಚಿಕೊಳ್ಳುತ್ತದೆ, ಡೋಟಾದಂಥ ಪಂಜರ ಗಟ್ಟಿಯಾಗಿ ಹಿಡಿದಿರುತ್ತದೆ. ಕೋಶಕ್ಕೆ ಹಾಕುವುದಿದ್ದರೆ ನನ್ನ ಆಯ್ಕೆ ಪಂಜರವೇ.

ಕೋಶದ ಬಾಗಿಲು

ಇಲ್ಲಿಯ ತನಕ ಎಲ್ಲ ಸರಿಯಿದ್ದು ಚಿತ್ರ ಇನ್ನೂ ಕಪ್ಪಾಗಿದ್ದರೆ ದಾರಿ ಎರಡೇ. ಲೋಹ ಒಳಗೆ ಹೋಗಿಲ್ಲ, ಇಲ್ಲವೇ ಹೋಗಿದೆ ಆದರೆ ಬೆಳಗುತ್ತಿಲ್ಲ. ಇದನ್ನು ಮೈಕ್ರೋಸ್ಕೋಪ್ ಹೇಳಲಾರದು. ಕೋಶಗಳನ್ನು ಚೆನ್ನಾಗಿ ತೊಳೆದು, ಎಣಿಸಿ, ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಐಸಿಪಿ–ಎಂಎಸ್‌ಗೆ ಕೊಡಿ. ಅದು ಬೆಳಕನ್ನು ಕೇಳುವುದಿಲ್ಲ, ಲೋಹವನ್ನು ಎಣಿಸುತ್ತದೆ. ಲೋಹ ಇದ್ದು ಬೆಳಕಿಲ್ಲದಿದ್ದರೆ ಮೇಲಿನ ಭಾಗಕ್ಕೆ ವಾಪಸ್ ಹೋಗಿ. ಲೋಹವೇ ಇಲ್ಲದಿದ್ದರೆ ಲಿಗ್ಯಾಂಡ್ ಬದಲಾಯಿಸಬೇಕು. ದುಡ್ಡು ಖರ್ಚಾಗುತ್ತದೆ ಅಂತ ಎಲ್ಲರೂ ಇದನ್ನು ಕೊನೆಗೆ ಇಡುತ್ತಾರೆ. ನನ್ನ ಪ್ರಕಾರ ಎರಡನೇ ವಾರದಲ್ಲೇ ಮಾಡಿಸಬೇಕು.

ರುಥೇನಿಯಂ ಟ್ರಿಸ್ ಬೈಪಿರಿಡೀನ್‌ಗೆ ಎರಡು ಧನ ಆವೇಶ, ನೀರಿನ ಮೇಲೆ ಒಲವು. ಜೀವಂತ ಕೋಶದೊಳಗೆ ಅದು ಹೋಗುವುದು ಬಹಳ ಕಡಿಮೆ. ಬೈಪಿರಿಡೀನ್ ಬದಲು ಡೈಫೀನೈಲ್ ಫೆನಾಂತ್ರೊಲೀನ್ ಹಾಕಿದರೆ ಕೊಬ್ಬಿನ ಗುಣ ಹೆಚ್ಚುತ್ತದೆ. 2007ರಲ್ಲಿ ಬಾರ್ಟನ್ ಲ್ಯಾಬ್ ಹೀಲಾ ಕೋಶಗಳಲ್ಲಿ ಹೀಗೆ ಪ್ರವೇಶ ಹೆಚ್ಚುವುದನ್ನು ತೋರಿಸಿತು. ಒಂದು ಧನ ಆವೇಶದ, ಕೊಬ್ಬಿಗೆ ಒಗ್ಗುವ ಇರಿಡಿಯಂ ಸಂಕೀರ್ಣಗಳು ಹೆಚ್ಚಾಗಿ ಮೈಟೊಕಾಂಡ್ರಿಯಾಕ್ಕೇ ಹೋಗಿ ಸೇರುತ್ತವೆ, ಅದರ ಪೊರೆಯ ಒಳಬದಿ ಋಣವಾಗಿರುವುದರಿಂದ. ಮೀಡಿಯಂನ ಸೀರಂ ಕೂಡ ನೋಡಿ. ಅದರ ಪ್ರೋಟೀನುಗಳು ಸಂಕೀರ್ಣವನ್ನು ಹೊರಗೇ ಹಿಡಿದಿಡುತ್ತವೆ. ಸೀರಂ ಇಲ್ಲದ ಮೀಡಿಯಂನಲ್ಲಿ ಒಂದು ಸಲ ಹೋಲಿಸಿ. ಫೀನಾಲ್ ರೆಡ್ ಇಲ್ಲದ್ದೇ ಒಳ್ಳೆಯದು.

ಈಗ ಆ ವಿದ್ಯಾರ್ಥಿನಿಯ ಕಥೆಯ ಉಳಿದ ಭಾಗ. ಕಾನ್‌ಫೋಕಲ್‌ನಲ್ಲಿ ಕಂಡ ಚಿತ್ರದಲ್ಲಿ ಎಲ್ಲ ಕೋಶಕೇಂದ್ರಗಳೂ ದುಂಡಗೆ ಹೊಳೆಯುತ್ತಿದ್ದವು. ಅವಳಿಗೆ ಖುಷಿ. ನಾನು ಕೇಳಿದೆ, "ಕೋಶಗಳನ್ನು ಮೆಥನಾಲ್‌ನಲ್ಲಿ ಫಿಕ್ಸ್ ಮಾಡಿದ್ದೀಯಾ?" "ಹೌದು, ಬಣ್ಣ ಹಾಕಿದ ಮೇಲೆ." ಫಿಕ್ಸ್ ಅಂದರೆ ಕೋಶವನ್ನು ಕೊಂದು ಇದ್ದ ಹಾಗೆ ನಿಲ್ಲಿಸುವುದು. ಮರುದಿನ ಜೀವಂತ ಕೋಶಗಳನ್ನೇ ನೋಡಿದೆವು. ಕೇಂದ್ರಗಳು ಕಪ್ಪು. ಅವುಗಳ ಪಕ್ಕದಲ್ಲಿ ರಾಗಿ ಚೆಲ್ಲಿದ ಹಾಗೆ ಚುಕ್ಕೆಗಳು. ಸಂಕೀರ್ಣ ಲೈಸೋಸೋಮ್‌ನಲ್ಲಿ ಕೂತಿತ್ತು. ಮೆಥನಾಲ್ ಪೊರೆಗಳನ್ನು ತೂತು ಮಾಡಿದಾಗ ಅದು ಹೊರಬಂದು ಡಿಎನ್ಎಗೆ ಅಂಟಿತ್ತು. ಫಿಕ್ಸ್ ಮಾಡಿದ ಕೋಶದ ಚಿತ್ರ ಒಂದನ್ನೇ ನೋಡಿ ಸಂಕೀರ್ಣ ಎಲ್ಲಿ ಸೇರುತ್ತದೆ ಅಂತ ಹೇಳಬೇಡಿ. 4 ಡಿಗ್ರಿಯಲ್ಲೂ ಒಂದು ಡಿಶ್ ಇಡಿ. ತಣ್ಣಗಾದಾಗ ಪ್ರವೇಶ ನಿಂತರೆ ಕೋಶ ಶಕ್ತಿ ಖರ್ಚು ಮಾಡಿ ಒಳಗೆಳೆಯುತ್ತಿದೆ ಅಂತ ಅರ್ಥ.

ಸತ್ತ ಕೋಶ ಯಾವುದು ಅಂತ ನೋಡಲು ಪ್ರೊಪಿಡಿಯಂ ಅಯೊಡೈಡ್ ಹಾಕುವ ಅಭ್ಯಾಸ ಎಲ್ಲರಿಗೂ ಇದೆ. ರುಥೇನಿಯಂ ಜೊತೆ ಬೇಡ. ಅದೂ 617ರ ಹತ್ತಿರವೇ ಹೊಳೆಯುತ್ತದೆ. ಟ್ರೈಪಾನ್ ಬ್ಲೂ ಹಾಕಿ ಸಾದಾ ಬೆಳಕಿನಲ್ಲಿ ನೋಡಿದರೆ ಸಾಕು.

ಯಂತ್ರದ ಗಡಿಯಾರ

ಪ್ಲೇಟ್ ರೀಡರಿನಲ್ಲಿ (ಹಲವು ಪುಟ್ಟ ಗುಳಿಗಳ ತಟ್ಟೆಯ ಬೆಳಕು ಅಳೆಯುವ ಯಂತ್ರ) ಯೂರೋಪಿಯಂಗೆ ಸಾಮಾನ್ಯ ಸೆಟ್ಟಿಂಗ್ ಎಂದರೆ 400 ಮೈಕ್ರೋಸೆಕೆಂಡ್ ಕಾದು, ಇನ್ನು 400 ಎಣಿಸುವುದು. 1 ಮಿಲಿಸೆಕೆಂಡ್ ಬಾಳುವ ಸಂಕೀರ್ಣದಲ್ಲಿ ಅಷ್ಟು ಹೊತ್ತಿಗೂ ಮೂರನೇ ಎರಡು ಪಾಲು ಬೆಳಕು ಉಳಿದಿರುತ್ತದೆ. ಲಿಗ್ಯಾಂಡ್ ಕಳಚಿ ಆಯುಸ್ಸು 0.11ಕ್ಕೆ ಇಳಿದಿದ್ದರೆ ಉಳಿಯುವುದು ನೂರಕ್ಕೆ 3ಕ್ಕಿಂತ ಕಡಿಮೆ. ಅದೇ ಸೆಟ್ಟಿಂಗಿನಲ್ಲಿ ರುಥೇನಿಯಂ ಓದಿಸಿದರೆ ಸೊನ್ನೆ, ಯಾಕೆಂದರೆ ಅದು ಯಾವಾಗಲೋ ಆರಿಹೋಗಿದೆ.

ಆಯುಸ್ಸು ಅಳೆಯುವ ಮೈಕ್ರೋಸ್ಕೋಪಿನಲ್ಲಿ ತಪ್ಪು ಇದಕ್ಕೆ ಉಲ್ಟಾ. ಲೇಸರ್ 80 ಮೆಗಾಹರ್ಟ್ಸ್‌ನಲ್ಲಿ ಮಿಂಚಿದರೆ ಎರಡು ಮಿಂಚಿನ ನಡುವೆ ಬರೀ 12.5 ನ್ಯಾನೋಸೆಕೆಂಡ್. 400 ನ್ಯಾನೋಸೆಕೆಂಡ್ ಬಾಳುವ ಅಣು ಆರುವ ಮೊದಲೇ ಮುಂದಿನ ಮಿಂಚು ಬಂದುಬಿಡುತ್ತದೆ. ಗ್ರಾಫ್ ಸಪಾಟಾಗಿ ಕಾಣುತ್ತದೆ, ಹಿನ್ನೆಲೆ ಬೆಳಕು ಅಂತ ತಳ್ಳಿಹಾಕುತ್ತೇವೆ. ಆಯುಸ್ಸಿನ ಐದು ಪಟ್ಟಾದರೂ ಬಿಡುವು ಕೊಡಿ. ಇಲ್ಲಿ 2 ಮೈಕ್ರೋಸೆಕೆಂಡ್, ಅಂದರೆ 500 ಕಿಲೋಹರ್ಟ್ಸ್ ಅಥವಾ ಅದಕ್ಕಿಂತ ನಿಧಾನ. ಯೂರೋಪಿಯಂನ್ನು ಲೇಸರ್ ಸ್ಕ್ಯಾನಿಂಗ್‌ನಲ್ಲಿ ನೋಡಿದರೆ ಚುಕ್ಕೆಗಳಿಗೆ ಬಾಲ ಬರುತ್ತದೆ. ಸ್ಕ್ಯಾನ್ ದಿಕ್ಕನ್ನು 90 ಡಿಗ್ರಿ ತಿರುಗಿಸಿ. ಬಾಲವೂ ತಿರುಗಿದರೆ ಅದು ಕೋಶದ್ದಲ್ಲ, ಗಡಿಯಾರದ್ದು.

ನೋಡುತ್ತಿದ್ದಂತೆ ಕೋಶ ಸತ್ತರೆ

ಕೋಶದ ಅಂಚಿನಲ್ಲಿ ಗುಳ್ಳೆಗಳೆದ್ದು ಆಕಾರ ಕೆಟ್ಟರೆ ಲೇಸರ್ ಇಳಿಸಿ. ಆಮ್ಲಜನಕ ಕಸಿದುಕೊಂಡ ಶಕ್ತಿ ಸುಮ್ಮನೆ ಹೋಗುವುದಿಲ್ಲ. ಅದು ಸಿಂಗ್ಲೆಟ್ ಆಮ್ಲಜನಕ ಅನ್ನುವ ಉಗ್ರ ರೂಪವಾಗಿ ಕೋಶವನ್ನು ಸುಡುತ್ತದೆ. ಸಂಕೀರ್ಣ ಇದ್ದು ಬೆಳಕಿಲ್ಲದ ಡಿಶ್, ಬೆಳಕಿದ್ದು ಸಂಕೀರ್ಣವಿಲ್ಲದ ಡಿಶ್, ಈ ಎರಡೂ ಇಲ್ಲದೆ ವಿಷ ಯಾವುದು ಅಂತ ಹೇಳಲಾಗದು. ಚಿತ್ರ ತೆಗೆಯುವವರಿಗೆ ಇದು ತೊಂದರೆ, ಚಿಕಿತ್ಸೆ ಹುಡುಕುವವರಿಗೆ ಇದೇ ಬೇಕಾದ್ದು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಅಖಿಲ್ ಚಕ್ರವರ್ತಿ ಅವರ ತಂಡ ಬೆಳಕು ಬಿದ್ದಾಗ ಮಾತ್ರ ಕ್ಯಾನ್ಸರ್ ಕೋಶ ಕೊಲ್ಲುವ ಲೋಹ ಸಂಕೀರ್ಣಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಟಿಎಲ್‌ಡಿ–1433 ಅನ್ನುವ ರುಥೇನಿಯಂ ಸಂಕೀರ್ಣ ಮೂತ್ರಕೋಶದ ಕ್ಯಾನ್ಸರಿಗಾಗಿ ಕೆನಡಾದಲ್ಲಿ ಮನುಷ್ಯರ ಮೇಲಿನ ಪರೀಕ್ಷೆಯ ತನಕ ಬಂದಿದೆ.

ಥೈರಾಯ್ಡ್ ರಿಪೋರ್ಟಿನಲ್ಲೂ ಇದೇ ರುಥೇನಿಯಂ

ಈ ಅಣು ಲ್ಯಾಬಿನ ಕತ್ತಲ ಕೋಣೆಯಲ್ಲಿ ಮಾತ್ರ ಇಲ್ಲ. ಊರಿನ ಡಯಾಗ್ನಾಸ್ಟಿಕ್ ಲ್ಯಾಬಿನಲ್ಲಿ ಟಿಎಸ್‌ಎಚ್ (ಥೈರಾಯ್ಡನ್ನು ನಿಯಂತ್ರಿಸುವ ಹಾರ್ಮೋನ್) ಅಳೆಯುವ ಹಲವು ಯಂತ್ರಗಳಲ್ಲಿ ಪ್ರತಿಕಾಯಕ್ಕೆ ಕಟ್ಟಿರುವುದು ಇದೇ ರುಥೇನಿಯಂ ಬೈಪಿರಿಡೀನ್ ಸಂಕೀರ್ಣ. ಅಲ್ಲಿ ಅದನ್ನು ಹೊತ್ತಿಸುವುದು ವಿದ್ಯುತ್ತು, ಟ್ರೈಪ್ರೊಪೈಲಮೀನ್ ಜೊತೆಗೂಡಿ. ಅಲ್ಲೂ ಕೇಳಬೇಕಾದ ಪ್ರಶ್ನೆ ಅದೇ, ಬೆಳಕು ಎಲ್ಲಿ ನಿಂತುಹೋಯಿತು?

ರೋಗಿಗೆ ಲಕ್ಷಣವೇ ಇಲ್ಲ, ಆದರೆ ರಿಪೋರ್ಟಿನಲ್ಲಿ ಟಿಎಸ್‌ಎಚ್ ತೀರಾ ಕಡಿಮೆ, ಫ್ರೀ ಟಿ4 (ಥೈರಾಯ್ಡ್ ಹಾರ್ಮೋನ್) ಜಾಸ್ತಿ ಅಂತ ಬಂದರೆ ಕೂದಲಿಗೆ, ಉಗುರಿಗೆ ಅಂತ ತಿನ್ನುವ ಬಯೋಟಿನ್ ಮಾತ್ರೆ ಬಗ್ಗೆ ಕೇಳಿ. ಈ ಪರೀಕ್ಷೆಗಳಲ್ಲಿ ಹಲವು ಬಯೋಟಿನ್ ಮತ್ತು ಅದನ್ನು ಗಟ್ಟಿಯಾಗಿ ಹಿಡಿಯುವ ಸ್ಟ್ರೆಪ್ಟಾವಿಡಿನ್ ಪ್ರೋಟೀನಿನ ಜೋಡಿಯಿಂದಲೇ ರುಥೇನಿಯಂನ್ನು ಕಾಂತೀಯ ಮಣಿಗೆ ಕಟ್ಟುತ್ತವೆ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಅದೇ ಬಂದು ಜಾಗ ಹಿಡಿಯುತ್ತದೆ. ರುಥೇನಿಯಂ ಮಣಿಗೆ ಅಂಟದೆ ತೊಳೆದುಹೋಗುತ್ತದೆ. ಬೆಳಕು ಕಡಿಮೆ. ಟಿಎಸ್‌ಎಚ್ ಪರೀಕ್ಷೆಯಲ್ಲಿ ಕಡಿಮೆ ಬೆಳಕನ್ನು ಯಂತ್ರ ಕಡಿಮೆ ಹಾರ್ಮೋನ್ ಅಂತ ಓದುತ್ತದೆ. ಫ್ರೀ ಟಿ4 ಪರೀಕ್ಷೆ ಪೈಪೋಟಿಯ ಬಗೆಯದು (ರಕ್ತದ ಹಾರ್ಮೋನ್ ಜಾಸ್ತಿಯಾದಷ್ಟೂ ಮಣಿಗೆ ಅಂಟುವ ರುಥೇನಿಯಂ ಕಡಿಮೆ), ಅಲ್ಲಿ ಕಡಿಮೆ ಬೆಳಕು ಅಂದರೆ ಜಾಸ್ತಿ ಹಾರ್ಮೋನ್. ಎರಡು ತಪ್ಪೂ ಸೇರಿ ಹೈಪರ್‌ಥೈರಾಯ್ಡ್‌ನ ಸರಿಯಾದ ಚಿತ್ರದ ಹಾಗೆಯೇ ಕಾಣುತ್ತವೆ. 2017ರಲ್ಲಿ ಅಮೆರಿಕದ ಎಫ್‌ಡಿಎ ಬಯೋಟಿನ್ ಬಗ್ಗೆ ಎಚ್ಚರಿಕೆ ಕೊಟ್ಟಿತು. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮುಂಚೆ ಡಾಕ್ಟರಿಗೂ ಲ್ಯಾಬಿನವರಿಗೂ ಹೇಳಿ, ಎಷ್ಟು ದಿನ ನಿಲ್ಲಿಸಬೇಕು ಅಂತ ಅವರನ್ನೇ ಕೇಳಿ.